ಹತ್ತರಲ್ಲಿ ಎಂಟು ಪ್ರಶ್ನೆ

ಪರೀಕ್ಷೆಯ ದಿನ ಮಕ್ಕಳು ಚೀಲಗಳನ್ನೆಲ್ಲ ವರಾಂಡದಲ್ಲಿ ರಾಶಿ ಹಾಕಿ ಕೊಠಡಿಯೊಳಗೆ ಹೋಗುತ್ತಾರೆ. ಅವರು ಮನೆಗೆ ಹೋದ ಮೇಲೆ ಆ ವರಾಂಡ ಗುಡಿಸುವವಳು ನಾನು. ಪೆನ್ಸಿಲ್ ತುಂಡು, ಪೆನ್ನಿನ ಮುಚ್ಚಳ, ಒಂಟಿ ಕಾಲುಚೀಲ, ಭಯಕ್ಕೆ ಕಚ್ಚಿ ಕಚ್ಚಿ ಉಗುಳಿದ ಉಗುರು, ಎಲ್ಲವೂ ಸಿಗುತ್ತವೆ. ಆ ಗುರುವಾರ ಒಂಬತ್ತನೇ ತರಗತಿಯ ವಿಜ್ಞಾನ ಪರೀಕ್ಷೆ ಮುಗಿದ ಮೇಲೆ ಸಿಕ್ಕಿದ್ದು ನಾಲ್ಕಾಗಿ ಮಡಿಸಿದ ಒಂದು ಹಾಳೆ. ಬಿಡಿಸಿ ನೋಡಿದೆ. ಹತ್ತು ಪ್ರಶ್ನೆಗಳು. ಅಕ್ಷರ ನನ್ನ ಮಗಳದು.

ಮೇಜಿನ ಮೇಲೆ ಅಚ್ಚಾದ ಪ್ರಶ್ನೆಪತ್ರಿಕೆಯೊಂದು ಉಳಿದಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು, ಬೆರಳಿಟ್ಟುಕೊಂಡು ಕೆಳಗಿಳಿಯುತ್ತಾ ಬಂದೆ. ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಹೋಲಿಸಿ ನೋಡಲು ಅಷ್ಟು ಓದು ಸಾಕು. ಮಾತು ಅಲ್ಲಲ್ಲಿ ಬೇರೆ, ಕೇಳಿದ್ದು ಮಾತ್ರ ಅದೇ. ಹತ್ತರಲ್ಲಿ ಎಂಟು. ಹಾಳೆಯನ್ನು ಮತ್ತೆ ಮಡಿಸಿ ಬುತ್ತಿಚೀಲದ ತಳಕ್ಕೆ ತುರುಕಿದೆ. ಆಮೇಲೆ ಏನೂ ಆಗದವಳಂತೆ ವರಾಂಡ ಗುಡಿಸಿದೆ. ಗುಡಿಸಿದ್ದನ್ನೇ ಎರಡು ಸಲ ಗುಡಿಸಿದೆ ಅಂತ ಆಮೇಲೆ ಗೊತ್ತಾಯಿತು.

ನಾನು ಆ ಶಾಲೆಯ ಅಟೆಂಡರ್. ಹತ್ತೊಂಬತ್ತು ವರ್ಷದಿಂದ ಗಂಟೆ ಹೊಡೆಯುತ್ತಿರುವುದರಿಂದ ಮೇಷ್ಟ್ರುಗಳಿಂದ ಹಿಡಿದು ಮಕ್ಕಳವರೆಗೆ ಎಲ್ಲರಿಗೂ ಗಂಟೆಯಮ್ಮ. ಪ್ರಶ್ನೆಪತ್ರಿಕೆಗಳನ್ನು ಇಡುವುದು ಆಫೀಸಿನ ಕಬ್ಬಿಣದ ಬೀರುವಿನಲ್ಲಿ. ಅದಕ್ಕೆ ಎರಡೇ ಬೀಗದ ಕೈ. ಒಂದು ಹೆಡ್ ಮೇಡಂ ಹತ್ತಿರ, ಇನ್ನೊಂದು ಕಪ್ಪು ನೈಲಾನ್ ದಾರದಲ್ಲಿ ನನ್ನ ಕುತ್ತಿಗೆಯಲ್ಲಿ. ಆ ದಾರ ಉಜ್ಜಿ ಉಜ್ಜಿ ಕುತ್ತಿಗೆ ಕೆಂಪಗಾಗಿ ತುರಿಸುತ್ತಿತ್ತು. ಮುಲಾಮು ಹಚ್ಚುತ್ತಿದ್ದೆ. ಕೀ ಮಾತ್ರ ಬಿಚ್ಚುತ್ತಿರಲಿಲ್ಲ, ಮನೆಯಲ್ಲಿ ಮಲಗುವಾಗ ಕನ್ನಡಿಯ ಪಕ್ಕದ ಮೊಳೆಗೆ ಹಾಕುವುದೊಂದೇ.

ಇಲ್ಲೇ ನನ್ನ ತಲೆಯೊಳಗೆ ಹುಳ ಹೊಕ್ಕಿದ್ದು. ವಿಜ್ಞಾನದ ಮೇಷ್ಟ್ರು ಬರೆದುಕೊಟ್ಟ ಪತ್ರಿಕೆ ಅಚ್ಚಾಗಿ, ಕಟ್ಟು ಬಂದು ಬೀರು ಸೇರಿದ್ದು ಮಂಗಳವಾರ. ಆ ಸಂಜೆ ಮಗಳು ಮನೆಗೆ ಬಂದದ್ದು ಒಂದು ಗಂಟೆ ತಡವಾಗಿ. ಎಲ್ಲಿಗೆ ಹೋಗಿದ್ದೆ ಅಂದರೆ, "ಎಲ್ಲೂ ಇಲ್ಲಮ್ಮ, ಸುಮ್ನೆ" ಅಂದಿದ್ದಳು. ಬುಧವಾರ ಬೆಳಿಗ್ಗೆ ನೋಡಿದರೆ ಬೀಗದ ಕೈ ಕನ್ನಡಿಯ ಮೊಳೆಯಲ್ಲಿರಲಿಲ್ಲ, ಕಿಟಕಿಯ ಚಿಲಕದಲ್ಲಿ ತೂಗಾಡುತ್ತಿತ್ತು. ಆಗ ನಾನೇ ಮರೆತು ಹಾಕಿರಬೇಕು ಅಂದುಕೊಂಡು ಕುತ್ತಿಗೆಗೆ ಹಾಕಿಕೊಂಡು ಓಡಿದ್ದೆ. ಮನೆಯಲ್ಲಿರುವುದು ನಾವಿಬ್ಬರೇ. ಮೊಳೆಯಿಂದ ಚಿಲಕಕ್ಕೆ ಅದು ತಾನಾಗಿ ನಡೆದು ಹೋಗಲಿಲ್ಲವಲ್ಲ.

ಮಗಳಿಗೆ ಸೂಜಿ ಅಂತ ಹೆಸರಿಟ್ಟವನು ನಮ್ಮಣ್ಣ. ಸಣ್ಣಗಿದ್ದಾಳೆ, ಚುಚ್ಚುತ್ತಾಳೆ, ಹರಿದದ್ದನ್ನು ಹೊಲಿಯುತ್ತಾಳೆ ಅಂತ. ಅಣ್ಣ ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದು ನಿವೃತ್ತನಾದವನು. ಈಗ ತನ್ನ ಮನೆಯ ಮುಂದಿನ ರೂಮಿನಲ್ಲಿ ಸೂಜಿಯೂ ಸೇರಿ ಒಂಬತ್ತನೇ ತರಗತಿಯ ಐದು ಮಕ್ಕಳಿಗೆ ಪರೀಕ್ಷೆಗೆ ತಯಾರಿ ಮಾಡಿಸುತ್ತಾನೆ. ಹತ್ತನೇ ತರಗತಿಯಲ್ಲಿ ಎರಡು ಸಲ ಫೇಲಾದವನು ಹೇಗೆ ಪಾಠ ಮಾಡುತ್ತಾನೆ ಅಂತ ನಾನೇ ನಕ್ಕಿದ್ದೆ. ಅವನು, "ಪಾಠ ಮೇಷ್ಟ್ರು ಮಾಡ್ಲಿ. ನಾನು ಹೇಳ್ಕೊಡೋದು ಪರೀಕ್ಷೆ ಬರೆಯೋದನ್ನ. ಎರಡು ಸಲ ಫೇಲಾದವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತಮ್ಮ, ಎಲ್ಲೆಲ್ಲಿ ಎಡವ್ತೀವಿ ಅಂತ?" ಅಂದಿದ್ದ.

ಅವನು ಹೇಳಿಕೊಡುತ್ತಿದ್ದುದೆಲ್ಲ ಬಸ್ಸಿನ ಲೆಕ್ಕ. ಮೊದಲು ಇಡೀ ಪತ್ರಿಕೆ ಓದು, ಬಸ್ ಹೊರಡುವ ಮುಂಚೆ ಎಷ್ಟು ಜನ ಇದ್ದಾರೆ ಅಂತ ನೋಡುವ ಹಾಗೆ. ಗೊತ್ತಿರುವುದನ್ನು ಮೊದಲು ಬರೆ, ಚಿಲ್ಲರೆ ಇಲ್ಲದವನ ಜೊತೆ ಜಗಳ ಆಡುತ್ತಾ ನಿಲ್ಲಬೇಡ, ಅವನ ಹತ್ತಿರ ಆಮೇಲೆ ಬಾ. ಕೊನೇ ಸ್ಟಾಪಿಗೆ ಹತ್ತು ನಿಮಿಷ ಮುಂಚೆ ಒಂದು ಸಲ ಎಲ್ಲ ಟಿಕೆಟ್ ಚೆಕ್ ಮಾಡು. ಇದರಿಂದ ಮಕ್ಕಳಿಗೆ ಒಳ್ಳೆಯದೇ ಆಗಿತ್ತು. ಎಲ್ಲರ ಅಂಕವೂ ಏರಿತ್ತು. ಆದರೆ ಬುತ್ತಿಚೀಲದ ತಳದಲ್ಲಿ ಆ ಹಾಳೆ ಕೂತ ಮೇಲೆ ಆ ಏರಿಕೆಯೂ ನನ್ನ ಕಣ್ಣಿಗೆ ಬೇರೆಯಾಗಿ ಕಾಣತೊಡಗಿತು.

ಗುರುವಾರ ಸಂಜೆ ಊಟಕ್ಕೆ ಕೂತಾಗ ಸುತ್ತಿ ಬಳಸಿ ಕೇಳಿದೆ.

"ಪೇಪರ್ ಹೇಗಿತ್ತೇ?"

"ಸುಲಭ ಇತ್ತಮ್ಮ."

"ಎಲ್ಲಾ ಗೊತ್ತಿರೋದೇ ಬಂದಿತ್ತಾ?"

"ಎರಡು ಗೊತ್ತಿರ್ಲಿಲ್ಲ. ಆದ್ರೂ ಬರ್ದೆ."

ಎರಡು. ಹಾಳೆಯಲ್ಲಿ ಇಲ್ಲದ್ದೂ ಎರಡೇ.

"ಸೂಜಿ, ನನ್ನ ಹತ್ರ ಹೇಳೋದು ಏನಾದ್ರೂ ಇದ್ಯಾ?"

ಅವಳು ಕಣ್ಣರಳಿಸಿ, ಏನೋ ಗುಟ್ಟಿರುವವಳ ಹಾಗೆ ನನ್ನ ಕುತ್ತಿಗೆಯ ಕಡೆ ನೋಡಿ, ತುಟಿಯಂಚಲ್ಲಿ ನಕ್ಕಳು. "ನಿಂಗೆ ಏನೂ ಗೊತ್ತಾಗ್ಲಿಲ್ವಾ?"

"ಏನು ಗೊತ್ತಾಗ್ಬೇಕಿತ್ತು?"

"ಬಿಡು. ಗೊತ್ತಾದಾಗ ಗೊತ್ತಾಗ್ಲಿ." ತಟ್ಟೆ ಎತ್ತಿಕೊಂಡು ಹೋದಳು.

ಅವತ್ತು ಮಲಗುವಾಗ ಕೀಯನ್ನು ಮೊಳೆಗೆ ಹಾಕದೆ ದಿಂಬಿನ ಅಡಿ ಇಟ್ಟೆ. ಅವಳು ನೋಡಿದಳು, ಏನೂ ಕೇಳಲಿಲ್ಲ. ಕೇಳದಿದ್ದದ್ದೂ ನನ್ನ ಅನುಮಾನದ ಲೆಕ್ಕಕ್ಕೇ ಸೇರಿತು. ಈ ವಿಷಯ ಹೊರಬಿದ್ದರೆ ನನ್ನ ಕೆಲಸ ಹೋಗುತ್ತದೆ, ಅವಳನ್ನು ಶಾಲೆಯಿಂದ ತೆಗೆಯುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಎದುರಿಗೆ ಮಲಗಿರುವ ಮಗು ತಾಯಿಯ ಕುತ್ತಿಗೆಯಲ್ಲಿದ್ದದ್ದನ್ನೇ ಕದ್ದಳೇ ಅನ್ನುವುದನ್ನು ನನಗೆ ನುಂಗಲೂ ಆಗುತ್ತಿರಲಿಲ್ಲ, ಉಗುಳಲೂ ಆಗುತ್ತಿರಲಿಲ್ಲ.

ಶುಕ್ರವಾರ ಸಂಜೆ ಅಣ್ಣನನ್ನೇ ಕೇಳೋಣ ಅಂತ ಅವನ ಮನೆಗೆ ಹೋದೆ. ಪರೀಕ್ಷೆ ಮುಗಿದಿದ್ದರೂ ಐದೂ ಮಕ್ಕಳು ಬಂದಿದ್ದವು. ಮುಂದಿನ ರೂಮಿನ ಕಿಟಕಿ ತೆರೆದಿತ್ತು. ಬಾಗಿಲು ತಟ್ಟಲು ಕೈ ಎತ್ತಿದವಳು ಹಾಗೇ ನಿಂತೆ.

"ಒಬ್ಬೊಬ್ರಾಗಿ ಹೇಳಿ, ಎಷ್ಟೆಷ್ಟು ಸಿಕ್ತು?" ಅಣ್ಣನ ದನಿ.

"ನಂಗೆ ಆರು."

"ನಂಗೆ ಐದೇ ಮಾವ."

"ಸೂಜಿಗೆ ಎಂಟು! ಎಂಟು ಮಾವ!"

"ಶ್! ಮೆತ್ತಗೆ." ಅಣ್ಣ ದನಿ ತಗ್ಗಿಸಿದ. "ಈ ವಿಷಯ ಈ ರೂಮು ದಾಟ್ಬಾರ್ದು. ಮೇಷ್ಟ್ರ ಕಿವಿಗೆ ಬಿತ್ತೋ, ಮುಂದಿನ ಸಲಕ್ಕೆ ನಮ್ಮ ಬಸ್ಸಿಗೆ ಡೀಸೆಲ್ಲೇ ಇರಲ್ಲ. ಅಮ್ಮಂಗೂ ಹೇಳಿಲ್ಲ ತಾನೇ ಸೂಜಿ?"

"ಇಲ್ಲ ಮಾವ."

ಎತ್ತಿದ ಕೈ ಕೆಳಗಿಳಿಸಿ, ಬಂದ ದಾರಿಯಲ್ಲೇ ವಾಪಸ್ಸು ಹೋದೆ. ಒಡಹುಟ್ಟಿದವನೂ ಸೇರಿದ್ದಾನೆ ಅಂದ ಮೇಲೆ ಯಾರನ್ನು ಕೇಳುವುದು?

ಶನಿವಾರ ಬೆಳಿಗ್ಗೆ ಮೊದಲ ಗಂಟೆ ಹೊಡೆದು ಬರುವಷ್ಟರಲ್ಲಿ ಹೆಡ್ ಮೇಡಂ ಕರೆ ಕಳಿಸಿದರು. ಒಳಗೆ ವಿಜ್ಞಾನದ ಮೇಷ್ಟ್ರು ಉತ್ತರಪತ್ರಿಕೆಗಳ ಕಟ್ಟು ಹಿಡಿದು ನಿಂತಿದ್ದರು. ಒಳ್ಳೆಯ ಮನುಷ್ಯ, ಶಿಸ್ತಿನವರು, ಸೀಮೆಸುಣ್ಣವನ್ನೂ ಎಣಿಸಿ ತೆಗೆದುಕೊಳ್ಳುವವರು. ಮುಖ ಕೆಂಪಗಾಗಿತ್ತು. ಹೇಳಿಕಳಿಸಿದ್ದರಿಂದ ಸ್ವಲ್ಪ ಹೊತ್ತಿಗೆ ಅಣ್ಣನೂ ಬಂದ, ಸೂಜಿಯನ್ನೂ ತರಗತಿಯಿಂದ ಕರೆಸಿದರು.

"ಐದು ಮಕ್ಕಳು ಮೇಡಂ," ಮೇಷ್ಟ್ರು ಕಟ್ಟನ್ನು ಮೇಜಿನ ಮೇಲೆ ಇಟ್ಟರು. "ಐದೂ ಒಂದೇ ಟ್ಯೂಷನ್. ಉಳಿದವರು ಹೃದಯ ಅಂತ ಆಲೂಗಡ್ಡೆ ಬರೆದಿದ್ದಾರೆ. ಇವರು ನಾಲ್ಕು ಕೋಣೆ, ರಕ್ತನಾಳ, ಬಾಣದ ಗುರುತು ಸಮೇತ ಬರೆದಿದ್ದಾರೆ. ನನಗೇ ಅಷ್ಟು ಚೆನ್ನಾಗಿ ಬರೆಯೋಕೆ ಬರಲ್ಲ!"

"ಚೆನ್ನಾಗಿ ಬರೆದಿದ್ದು ತಪ್ಪಾ ಮೇಷ್ಟ್ರೇ?" ಅಂದ ಅಣ್ಣ.

"ಯಾವ್ದು ಬರುತ್ತೆ ಅಂತ ಗೊತ್ತಿಲ್ದೆ ಐದೂ ಜನ ಹೀಗೆ ಬರೆಯೋಕೆ ಆಗಲ್ಲ. ಪೇಪರ್ ಹೊರಗೆ ಹೋಗಿದೆ." ಅವರು ನನ್ನ ಕಡೆ ನೋಡಲಿಲ್ಲ, ನನ್ನ ಕುತ್ತಿಗೆಯ ಕಡೆ ನೋಡಿದರು.

ಹೆಡ್ ಮೇಡಂ ಕನ್ನಡಕ ತೆಗೆದಿಟ್ಟರು. "ಗಂಟೆಯಮ್ಮ, ಹತ್ತೊಂಬತ್ತು ವರ್ಷದಲ್ಲಿ ನಿಮ್ಮನ್ನ ಒಂದು ಮಾತು ಅಂದಿಲ್ಲ. ಈಗ್ಲೂ ಅನ್ನಲ್ಲ. ಆದ್ರೆ ವಿಚಾರಣೆ ಮುಗಿಯೋವರೆಗೆ ಬೀಗದ ಕೈ ನನ್ನ ಹತ್ರ ಇರ್ಲಿ. ನೀವೂ ಮನೇಲಿರಿ."

ಮನೇಲಿರಿ ಅಂದರೆ ಏನು ಅಂತ ನನಗೆ ಗೊತ್ತಿತ್ತು. ಹಾಗೆ ಮನೆಗೆ ಹೋದವರು ವಾಪಸ್ಸು ಬಂದದ್ದನ್ನು ನಾನು ನೋಡಿಲ್ಲ. ದಾರ ಎತ್ತಿ ತಲೆಯ ಮೇಲಿಂದ ತೆಗೆದು ಮೇಜಿನ ಮೇಲಿಟ್ಟೆ. ಸೂಜಿ ಒಂದು ಹೆಜ್ಜೆ ಮುಂದೆ ಬಂದಳು.

"ಅಮ್ಮ ಏನೂ ಮಾಡಿಲ್ಲ ಮೇಡಂ! ನಾವು ಪೇಪರ್ ನೋಡೇ ಇಲ್ಲ. ಮಾವ ಭಾನುವಾರ ನಮ್ಮ ಹತ್ರಾನೇ ಪ್ರಶ್ನೆಪತ್ರಿಕೆ ಬರೆಸಿದ್ರು. ನೀನೇ ಮೇಷ್ಟ್ರು ಅಂದ್ಕೊಂಡು ಬರಿ ಅಂತ."

"ಬರೆದದ್ದು ಎಲ್ಲಿ? ತೋರ್ಸು," ಅಂದರು ಮೇಷ್ಟ್ರು.

"ನಂದು ಕಳೆದುಹೋಯ್ತು ಸರ್. ಒಳಗೆ ಹೋಗೋ ಮುಂಚೆ ಒಂದು ಸಲ ನೋಡಿ ಚೀಲಕ್ಕೆ ಹಾಕಿದ್ದೆ..." ಅವಳ ದನಿ ಸಣ್ಣಗಾಯಿತು. "ಉಳಿದವ್ರು ಹರಿದು ಹಾಕಿದ್ರು."

"ಕಳೆದುಹೋಯ್ತು. ಹರಿದು ಹಾಕಿದ್ರು. ಸರಿ," ಅಂತ ಮೇಷ್ಟ್ರು ಮೇಡಂ ಕಡೆ ತಿರುಗಿದರು.

ಬುತ್ತಿಚೀಲ ನನ್ನ ಕೈಯಲ್ಲೇ ಇತ್ತು. ತೆಗೆಯದಿದ್ದರೆ ಬರೀ ಅನುಮಾನ, ತೆಗೆದರೆ ಸಾಕ್ಷಿ. ಎರಡು ದಿನ ಅದನ್ನೇ ಯೋಚಿಸಿದ್ದೆ. ಆದರೆ ಮಗಳು ಮೇಡಂ ಮುಂದೆ ನಿಂತು ಅಮ್ಮ ಏನೂ ಮಾಡಿಲ್ಲ ಅಂದಿದ್ದಳು, ಒಂದು ಕ್ಷಣವೂ ತಡೆಯದೆ. ನಾನು ಹಾಳೆ ತೆಗೆದು ಮೇಜಿನ ಮೇಲಿಟ್ಟೆ.

"ಗುರುವಾರ ವರಾಂಡದಲ್ಲಿ ಸಿಕ್ತು. ನಾನೇ ಇಟ್ಕೊಂಡಿದ್ದೆ."

ಸೂಜಿ ಹಾಳೆ ನೋಡಿದಳು, ನನ್ನನ್ನು ನೋಡಿದಳು. ಮೇಷ್ಟ್ರು ಹಾಳೆ ಓದುತ್ತಾ ಹೋದ ಹಾಗೆ ಅವರ ಹುಬ್ಬು ಮೇಲೆ ಹೋಯಿತು. "ನೋಡಿ ಮೇಡಂ! ಎಂಟು!"

ಅಣ್ಣ ಬಗ್ಗಿ ಹಾಳೆಯ ಮೇಲಿನ ಮೂಲೆಗೆ ಬೆರಳಿಟ್ಟ. "ಇದನ್ನೂ ಓದಿ. ತಾರೀಖು. ತಾರೀಖಿಲ್ಲದ ಟಿಕೆಟ್ ಟಿಕೆಟ್ಟೇ ಅಲ್ಲ ಅಂತ ನಾನು ಹಾಕ್ಸೋದು. ಭಾನುವಾರದ್ದು. ಪೇಪರ್ ಶಾಲೆಗೆ ಬಂದಿದ್ದು ಯಾವತ್ತು?"

"ಮಂಗಳವಾರ," ಅಂದೆ ನಾನು. ಮೇಡಂ ಹೌದೆಂಬಂತೆ ತಲೆ ಆಡಿಸಿದರು. ಆ ಮೂಲೆಯಲ್ಲಿ ಸಣ್ಣದಾಗಿ ಏನೋ ಬರೆದದ್ದನ್ನು ನಾನು ನೋಡಿದ್ದೆ, ಓದಿರಲಿಲ್ಲ. ಬೇಕಾದದ್ದು ಪ್ರಶ್ನೆಗಳಲ್ಲೇ ಸಿಕ್ಕಿತು ಅಂದುಕೊಂಡಿದ್ದೆ.

"ತಾರೀಖು ಯಾವತ್ತು ಬೇಕಾದ್ರೂ ಬರೀಬಹುದು," ಅಂದರು ಮೇಷ್ಟ್ರು.

"ಬರೀಬಹುದು, ಒಪ್ದೆ. ಆದ್ರೆ ಕದ್ದು ನೋಡಿದವ್ಳು ಹತ್ತಕ್ಕೆ ಹತ್ತು ಬರೀತಿದ್ಲು. ಎರಡು ತಪ್ಪು ಪ್ರಶ್ನೆ ಯಾಕೆ ಕದೀತಾಳೆ ಮೇಷ್ಟ್ರೇ?"

ಮೇಡಂ ಸೂಜಿಯನ್ನು ಹತ್ತಿರ ಕರೆದರು. "ಎಂಟು ಹೇಗೆ ಗೊತ್ತಾಯ್ತು? ನಿಜ ಹೇಳು."

ಅವಳು ಮಾವನ ಕಡೆ ನೋಡಿದಳು. ಅಣ್ಣ ನಿಟ್ಟುಸಿರು ಬಿಟ್ಟ. "ಹೇಳಮ್ಮ. ಡೀಸೆಲ್ ಹೋದ್ರೆ ಹೋಗ್ಲಿ. ನಿಮ್ಮಮ್ಮನ ಕೆಲಸ ಉಳೀಲಿ."

"ಸರ್ ಕೋಪ ಮಾಡ್ಕೋಬಾರ್ದು," ಅಂದಳು ಸೂಜಿ. "ಅವರು ಮುಖ್ಯ ಅಂತ ಹೇಳಿದ್ದು ಯಾವ್ದೂ ಬರಲ್ಲ ಮೇಡಂ. 'ಇದು ಅಷ್ಟೇನೂ ಮುಖ್ಯ ಅಲ್ಲ, ಆದ್ರೂ ಬರ್ಕೊಳ್ಳಿ' ಅಂತ ಹೇಳ್ತಾರಲ್ಲ, ಅದು ಬಂದೇ ಬರುತ್ತೆ. ಹೋದ ವರ್ಷಾನೂ ಹಾಗೇ. ಈ ಸಲ ಹಾಗೆ ಅಂದಿದ್ದು ಮೂರು ಸಲ. ಮೂರೂ ಬಂತು."

ಹೆಡ್ ಮೇಡಂ ಕೆಮ್ಮಿದರು. ಅದು ಕೆಮ್ಮಲ್ಲ ಅಂತ ನನಗೆ ಗೊತ್ತಾಯಿತು.

"ಮೂರಾಯ್ತು. ಇನ್ನೈದು?" ಮೇಷ್ಟ್ರ ದನಿ ಒಣಗಿತ್ತು.

"ಅದನ್ನ ಕ್ಲಾಸಿಗೆ ಹೋಗಿ ತೋರಿಸ್ಬೇಕು ಸರ್."

ಎಲ್ಲರೂ ಹೋದೆವು. ಮಕ್ಕಳು ಆಟದ ಪೀರಿಯಡ್ಡಿಗೆ ಹೊರಗಿದ್ದರು, ತರಗತಿ ಖಾಲಿ. ಸೂಜಿ ಎಡಗಡೆಯ ಗೋಡೆ ತೋರಿಸಿದಳು. ಅಲ್ಲಿ ಮೇಷ್ಟ್ರೇ ಕೈಯಾರೆ ಬರೆದು ಹಾಕಿದ ವಿಜ್ಞಾನದ ಚಾರ್ಟುಗಳು, ಒಟ್ಟು ಹನ್ನೆರಡು. ಈಗ ಉಳಿದಿದ್ದದ್ದು ಏಳು. ಮಿಕ್ಕ ಜಾಗದಲ್ಲಿ ಹೊಗೆಬಣ್ಣದ ಗೋಡೆಯ ನಡುವೆ ಐದು ಬೆಳ್ಳಗಿನ ಚೌಕಗಳು, ಹೊಸದಾಗಿ ತೊಳೆದಿಟ್ಟ ತಟ್ಟೆಗಳ ಹಾಗೆ.

"ಪರೀಕ್ಷೆ ಈ ರೂಮಲ್ಲೇ ಅಲ್ವಾ. ಉತ್ತರ ಗೋಡೆ ಮೇಲಿದ್ರೆ ಮಕ್ಕಳು ನೋಡಿ ಬರೀತಾರೆ ಅಂತ ಸರ್ ಹೋದ ಶನಿವಾರವೇ ಆ ಚಾರ್ಟ್ ತೆಗೆಸಿಬಿಟ್ರು. ಆದ್ರೆ ಬರೋದನ್ನ ಮಾತ್ರ ತೆಗೆಸಿದ್ರು. ಹೃದಯ, ಕಣ್ಣು, ಎಲೆ, ನೀರಿನ ಚಕ್ರ, ಬಲ್ಬು. ಏನಿಲ್ಲ ಅಂತ ನೋಡಿದ್ವಿ, ಅದನ್ನ ಓದಿದ್ವಿ."

ಆ ಶನಿವಾರ ಸ್ಟೂಲು ಹತ್ತಿ ಆ ಐದು ಚಾರ್ಟುಗಳ ಮೊಳೆ ಕಿತ್ತವಳು ನಾನು. ಮೇಷ್ಟ್ರು ಕೆಳಗೆ ನಿಂತು, "ಇದು ಬೇಡ, ಅದು, ಅದರ ಪಕ್ಕದ್ದು" ಅಂತ ಬೆರಳು ತೋರಿಸಿದ್ದರು. ಬಾಗಿಲ ಹತ್ತಿರ ಮಕ್ಕಳು ಓಡಾಡುತ್ತಿದ್ದವು. ಬೀರು ಕಾಯಲು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದವಳು, ಪ್ರಶ್ನೆಪತ್ರಿಕೆಯನ್ನು ನನ್ನ ಕೈಯಿಂದಲೇ ಗೋಡೆಯ ಮೇಲೆ ಬರೆದಿದ್ದೆ.

ಮೇಷ್ಟ್ರು ಗೋಡೆಯ ಹತ್ತಿರ ಹೋಗಿ ಬೆಳ್ಳಗಿನ ಚೌಕವೊಂದನ್ನು ಬೆರಳಿನಿಂದ ಮುಟ್ಟಿ ನೋಡಿದರು, ಬಣ್ಣ ಕೈಗೆ ಬರುತ್ತದೇನೋ ಅನ್ನುವ ಹಾಗೆ. "ಎಷ್ಟು ವರ್ಷದಿಂದ ಹೀಗೆ ತೆಗೆಸ್ತಿದ್ದೀನಿ ನಾನು," ಅಂದರು ತಮಗೆ ತಾವೇ. ಆಮೇಲೆ ನನ್ನ ಕಡೆ ತಿರುಗಿ, "ಗಂಟೆಯಮ್ಮ, ನನ್ನಿಂದ ತಪ್ಪಾಯ್ತು" ಅಂದರು. ಅಷ್ಟು ಹೇಳಲು ಅವರಿಗೆ ಕಷ್ಟವಾಯಿತು, ಆದರೂ ಎಲ್ಲರ ಮುಂದೆಯೇ ಹೇಳಿದರು. ಅಂಕಗಳಲ್ಲಿ ಒಂದನ್ನೂ ಕಡಿಮೆ ಮಾಡಲಿಲ್ಲ.

ಹೆಡ್ ಮೇಡಂ ಕೀಯನ್ನು ನನ್ನ ಕೈಗೆ ವಾಪಸ್ಸು ಕೊಟ್ಟರು. ಅಣ್ಣನಿಗೆ ಮಾತ್ರ, "ನೀವು ಮಕ್ಕಳಿಗೆ ಪಾಠಾನೂ ಸ್ವಲ್ಪ ಓದಿಸಿ, ಬರೀ ಮೇಷ್ಟ್ರನ್ನ ಓದಿಸ್ಬೇಡಿ" ಅಂದರು.

"ಓದಿಸ್ದೆ ಇದ್ರೆ ಆ ಹೃದಯ ಆಲೂಗಡ್ಡೆ ಆಗ್ತಿತ್ತು ಮೇಡಂ," ಅಂದ ಅಣ್ಣ. ಈ ಸಲ ಮೇಡಂ ಕೆಮ್ಮಲಿಲ್ಲ, ನಕ್ಕೇಬಿಟ್ಟರು.

ಶಾಲೆ ಬಿಟ್ಟ ಮೇಲೆ ಸೂಜಿ ನನ್ನ ಜೊತೆ ನಡೆದಳು, ಆದರೆ ಒಂದು ಹೆಜ್ಜೆ ದೂರದಲ್ಲಿ. ತಿರುವು ದಾಟಿದ ಮೇಲೆ ಕೇಳಿದಳು.

"ಆ ಹಾಳೆ ಗುರುವಾರದಿಂದ ನಿನ್ನ ಹತ್ರ ಇತ್ತಾ?"

"ಇತ್ತು."

"ನಾನು ಕದ್ದೆ ಅಂದ್ಕೊಂಡಿದ್ಯಾ?"

ಸುಳ್ಳು ಹೇಳಬಹುದಿತ್ತು. ಇವಳ ಮುಂದೆ ಸುಳ್ಳು ನಿಲ್ಲುವುದಿಲ್ಲ. "ಅಂದ್ಕೊಂಡಿದ್ದೆ. ಕೀ ಚಿಲಕದಲ್ಲಿತ್ತು. ಮಂಗಳವಾರ ನೀನು ತಡವಾಗಿ ಬಂದೆ. ಹೇಳು ಅಂದ್ರೆ ನಕ್ಕೆ."

"ಕೀ ನಾನೇ ತೆಗ್ದಿದ್ದು," ಅಂದಳು. ನನ್ನ ಕಾಲು ನಿಂತಿತು. "ನಿನ್ನ ಕುತ್ತಿಗೆ ನೋಡೋಕಾಗ್ತಿರ್ಲಿಲ್ಲ. ಟೈಲರ್ ಅಂಗಡಿಗೆ ಹೋಗಿ ಹತ್ತಿ ಲಾಡಿ ತಂದು, ಕಪ್ಪಂದೇ ಹುಡುಕಿ, ದಾರ ಬದಲಾಯಿಸ್ದೆ. ಕನ್ನಡಿ ಹತ್ರ ಕತ್ಲು ಅಂತ ಕಿಟಕಿ ಹತ್ರ ಗಂಟು ಹಾಕ್ದೆ, ಅಲ್ಲೇ ಮರ್ತೆ. ಎಲ್ಲಾನೂ ಕಂಡುಹಿಡೀತೀಯಲ್ಲ, ಇದನ್ನೂ ಕಂಡುಹಿಡೀತೀಯ ಅಂತ ಕಾಯ್ತಾ ಇದ್ದೆ."

ಕುತ್ತಿಗೆಗೆ ಕೈ ಹಾಕಿ ನೋಡಿದೆ. ಮೆತ್ತಗಿತ್ತು. ಮೂರು ದಿನದಿಂದ ತುರಿಕೆ ಇರಲಿಲ್ಲ, ಮುಲಾಮು ಕೆಲಸ ಮಾಡಿತು ಅಂದುಕೊಂಡಿದ್ದೆ. ಕೀ ಎಲ್ಲಿ ತೂಗಾಡುತ್ತಿತ್ತು ಅನ್ನುವುದು ಕಣ್ಣಿಗೆ ಬಿದ್ದವಳಿಗೆ, ಯಾವುದರಲ್ಲಿ ತೂಗಾಡುತ್ತಿತ್ತು ಅನ್ನುವುದು ಕಂಡಿರಲಿಲ್ಲ.

"ಸೂಜಿ..." ಅಂದೆ.

"ದಿಂಬಿನಡಿ ಇಟ್ಟಾಗ ಗೊತ್ತಾಯ್ತು, ಏನೋ ಆಗಿದೆ ಅಂತ," ಅಂದಳು. "ನನ್ನಿಂದ ಬಚ್ಚಿಡ್ತಿದ್ದೀಯ ಅಂತ ಮಾತ್ರ ಗೊತ್ತಾಗ್ಲಿಲ್ಲ."

ಆಮೇಲೆ ಮನೆಯವರೆಗೂ ಮಾತಿಲ್ಲ. ಮಾತು ಮೊದಲಿನ ಹಾಗೆ ಆಗಲು ಹತ್ತು ಹನ್ನೆರಡು ದಿನ ಹಿಡಿಯಿತು. ಬೈದಿದ್ದರೆ ಒಂದೇ ದಿನದಲ್ಲಿ ಮುಗಿಯುತ್ತಿತ್ತೇನೋ.

ವಾರ್ಷಿಕ ಪರೀಕ್ಷೆ ಬಂತು. ಮೇಷ್ಟ್ರು ಈ ಸಲ ಹನ್ನೆರಡು ಚಾರ್ಟುಗಳನ್ನೂ ತೆಗೆಸಿದರು. ನಾನು ಸ್ಟೂಲು ಹತ್ತಿ ಒಂದೊಂದೇ ಕೆಳಗೆ ಕೊಟ್ಟೆ. ಅವರು ನಾಲ್ಕನ್ನು ಸುರುಳಿ ಸುತ್ತಿ ದಾರ ಕಟ್ಟಿ ತಮ್ಮ ಕಂಕುಳಲ್ಲಿಟ್ಟುಕೊಂಡರು, ಎಂಟನ್ನು ಬೆಂಚಿನ ಮೇಲೆ ಒಟ್ಟಿದರು. ನಾನು ಮೇಲಿಂದ ನೋಡಿದೆ. ಬಾಗಿಲ ಕಡೆಯೂ ಒಮ್ಮೆ ನೋಡಿದೆ. ಯಾರೂ ಇರಲಿಲ್ಲ.

"ಮೇಷ್ಟ್ರೇ," ಅಂದೆ, "ಎಲ್ಲಾನೂ ಒಂದೇ ಕಟ್ಟು ಕಟ್ಟಿಬಿಡಿ."

ಅವರು ಕಂಕುಳು ನೋಡಿಕೊಂಡರು, ಬೆಂಚು ನೋಡಿದರು, ಹನ್ನೆರಡನ್ನೂ ಸೇರಿಸಿ ಸುತ್ತಿದರು.

ಸಂಜೆ ಸೂಜಿ ಪುಸ್ತಕದಿಂದ ತಲೆ ಎತ್ತದೆ ಕೇಳಿದಳು. "ಇವತ್ತು ಚಾರ್ಟ್ ತೆಗೆಸಿದ್ರಾ?"

"ಎಲ್ಲಾನೂ."

"ಮೊದ್ಲು ಯಾವ್ದು ತೆಗೆಸಿದ್ರು?"

"ನೀನು ಓದ್ಕೋ."

"ತಮಾಷೆಗೆ ಕೇಳ್ದೆ ಕಣಮ್ಮ," ಅಂತ ನಕ್ಕಳು. ಬಹುಶಃ ತಮಾಷೆಗೇ ಇರಬೇಕು. ಪತ್ರಿಕೆಗಳ ಕಟ್ಟು ಅವತ್ತು ಮಧ್ಯಾಹ್ನವೇ ಬಂದು ಬೀರು ಸೇರಿತ್ತು. ನಾನು ಕುತ್ತಿಗೆಯಿಂದ ಲಾಡಿ ತೆಗೆದು, ಅವಳು ನೋಡುತ್ತಿದ್ದ ಹಾಗೆಯೇ, ಕೀಯನ್ನು ಕನ್ನಡಿಯ ಪಕ್ಕದ ಮೊಳೆಗೆ ಹಾಕಿದೆ. ಅವಳು ಅದನ್ನೊಮ್ಮೆ ನೋಡಿ, ಪುಟ ತಿರುಗಿಸಿದಳು.